ತೆರೆದ ಬಾಗಿಲನ್ನು ಕಾಯುವವರು ಯಾರು?

ಜೂನ್ ತಿಂಗಳ 23ನೆಯ ತಾರೀಖನ್ನು ಈಗ ಹಲವು ದೇಶಗಳಲ್ಲಿ ಸ್ತ್ರೀ ಇಂಜಿನಿಯರುಗಳ ದಿನವೆಂದು ಆಚರಿಸುತ್ತಾರೆ. ನಮ್ಮ ನಾಡಿನ ಕಾಲೇಜುಗಳಲ್ಲಿಯೂ ಕಾರಖಾನೆಗಳಲ್ಲಿಯೂ ಅಂದು ಸಭೆ ಸೇರುವುದುಂಟು. ದೀಪ ಬೆಳಗಿಸಿ, ಮಾಲೆ ಹಾಕಿ, ಭಾಷಣ ಮುಗಿಸಿ, ವಂದನಾರ್ಪಣೆಯಾದೊಡನೆ ಸಭಿಕರು ತಮ್ಮ ತಮ್ಮ ಮನೆಗೆ ತೆರಳುತ್ತಾರೆ. ಆ ತಾರೀಖನ್ನೇ ಏಕೆ ಆರಿಸಿದರು, ಅದು ಯಾರಿಂದ ಬಂದಿತು ಎಂದು ವಿಚಾರಿಸುವವರು ವಿರಳ. ವಿಚಾರಿಸಿದವರಿಗೆ ಒಂದು ಪಾಠವು ದೊರೆಯುತ್ತದೆ. ಆ ಪಾಠವು ಸ್ತ್ರೀಯರಿಗೆ ಮಾತ್ರ ಸಂಬಂಧಪಟ್ಟುದಲ್ಲ. ಇಂಜಿನಿಯರಿಂಗ್ ವೃತ್ತಿಯ ಹೊಸ್ತಿಲಿನಾಚೆ ನಿಂತಿರುವ ಸಕಲ ಜನವರ್ಗಗಳಿಗೂ, ಅದರೊಳಗೆ ನೆಮ್ಮದಿಯಾಗಿ ಕುಳಿತಿರುವವರಿಗೂ ಅದು ಸಮಾನವಾಗಿ ಸಂಬಂಧಪಟ್ಟಿದೆ. ಆದುದರಿಂದ ವಾಚಕರ ಅವಧಾನವನ್ನು ಈ ದಿನ ಆ ಕಡೆಗೆ ಸೆಳೆಯಲು ಇಚ್ಛಿಸುತ್ತೇವೆ.

1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಗಂಡಸರು ರಣಭೂಮಿಗೆ ಹೋದರು. ಅವರು ಬಿಟ್ಟುಹೋದ ಲೇತುಗಳ ಮುಂದೆಯೂ ಮದ್ದುಗುಂಡಿನ ಕಾರಖಾನೆಗಳಲ್ಲಿಯೂ ಲಕ್ಷಾಂತರ ಸ್ತ್ರೀಯರು ನಿಂತು ದುಡಿದರು. ಯಂತ್ರದ ಕೆಲಸವು ಹೆಂಗಸರ ಕೈಗೆ ಒಗ್ಗದು ಎಂಬ ಮಾತು ಆ ನಾಲ್ಕು ವರ್ಷ ಯಾರ ಬಾಯಿಯಲ್ಲಿಯೂ ಬರಲಿಲ್ಲ. ಆದರೆ ಯುದ್ಧಕ್ಕೆ ಮುಂಚೆ ಇದ್ದ ಪದ್ಧತಿಯನ್ನು ಯುದ್ಧವು ಮುಗಿದ ಮೇಲೆ ಮರಳಿ ಸ್ಥಾಪಿಸುವೆವೆಂದು ಸರ್ಕಾರದವರು 1915ರಲ್ಲಿಯೇ ಕಾರ್ಮಿಕ ಸಂಘಗಳಿಗೆ ಮಾತು ಕೊಟ್ಟಿದ್ದರು. ಆ ಮಾತಿನಂತೆ 1919ರಲ್ಲಿ ಒಂದು ಕಾನೂನು ಬಂದಿತು. ಸ್ತ್ರೀಯರು ಯಂತ್ರಶಾಲೆಗಳಿಂದ ಹೊರಬೀಳಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಕೊಡ ಹೊತ್ತು ನೀರು ತಂದವಳನ್ನು, ಬೆಂಕಿ ಆರಿದ ಮೇಲೆ ಅಂಗಳದಲ್ಲಿಯೂ ನಿಲ್ಲಕೂಡದೆಂದು ಅಟ್ಟಿದಂತಾಯಿತು. ವಿನೋದವೇನೆಂದರೆ, ಅದೇ ವರ್ಷದ ಕೊನೆಯಲ್ಲಿ ಸ್ತ್ರೀಯೆಂಬ ಕಾರಣದಿಂದ ಯಾರನ್ನೂ ಯಾವ ವೃತ್ತಿಗೂ ಅನರ್ಹಳೆಂದು ಎಣಿಸಕೂಡದೆಂಬ ಮತ್ತೊಂದು ಕಾನೂನನ್ನು ಅದೇ ಪಾರ್ಲಿಮೆಂಟು ಅಂಗೀಕರಿಸಿತು. ಒಂದು ಕೈ ಬಾಗಿಲನ್ನು ಮುಚ್ಚಿತು. ಇನ್ನೊಂದು ಕೈ ಬಾಗಿಲು ತೆರೆದಿದೆಯೆಂದು ಫಲಕ ಬರೆಯಿತು.

ಈ ಎರಡು ಕಾನೂನುಗಳಿಗೂ ಮುಂಚೆ, 1919ರ ಜೂನ್ 23ರಂದು, ಏಳು ಮಂದಿ ಸ್ತ್ರೀಯರು ಕೂಡಿ ಒಂದು ಸಂಘವನ್ನು ರಿಜಿಸ್ಟರು ಮಾಡಿಸಿದರು. ಆವಿಯ ಟರ್ಬೈನನ್ನು ನಿರ್ಮಿಸಿದ ಚಾರಲ್ಸ್ ಪಾರ್ಸನ್ಸರ ಪತ್ನಿ ಕ್ಯಾಥರೀನರೂ, ಅವರ ಪುತ್ರಿ ರೇಚಲರೂ ಆ ಏಳು ಮಂದಿಯಲ್ಲಿದ್ದರು. ಸ್ತ್ರೀ ಇಂಜಿನಿಯರುಗಳ ಸಂಘವೆಂದು ಅದಕ್ಕೆ ಹೆಸರಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಒಬ್ಬ ಕಾರ್ಯದರ್ಶಿಯನ್ನು ಸಂಬಳಕ್ಕೆ ನಿಯಮಿಸಿಕೊಂಡರು. ಬಾಯ್ಲರು ತಯಾರಿಸುವ ಕಂಪೆನಿಯೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಬಳಿಕ ಅಲ್ಲಿಯೇ ಯಂತ್ರಗಳ ಮರ್ಮವನ್ನು ಕಲಿತಿದ್ದ ಕ್ಯಾರೊಲಿನ್ ಹ್ಯಾಸ್ಲೆಟ್ ಎಂಬ ಯುವತಿ ಆ ಕಾರ್ಯದರ್ಶಿ. ಆಕೆ ಸಂಘಕ್ಕೆ ಒಂದು ಪತ್ರಿಕೆಯನ್ನು ನಡೆಸಿದರು. 1924ರಲ್ಲಿ ಗೃಹಿಣಿಯರಿಗೆ ವಿದ್ಯುಚ್ಛಕ್ತಿಯ ತಿಳಿವಳಿಕೆಯನ್ನು ಹರಡುವ ಮತ್ತೊಂದು ಸಂಘವನ್ನು ಕಟ್ಟಿ ಬೆಳೆಸಿದರು. ಸರ್ಕಾರದ ಬೆಂಬಲವಿಲ್ಲದೆ, ಕಾರ್ಮಿಕ ಸಂಘಗಳ ಒಲವಿಲ್ಲದೆ ಹುಟ್ಟಿದ ಆ ಪುಟ್ಟ ಸಂಘವು ನೂರು ವರ್ಷವನ್ನು ದಾಟಿ ಈಗಲೂ ಜೀವಂತವಾಗಿದೆ. ಅದರ ಹುಟ್ಟಿದ ದಿನವನ್ನೇ 2014ರಲ್ಲಿ ಬ್ರಿಟನ್ನಿನಲ್ಲಿಯೂ, 2017ರಿಂದ ಅಂತರರಾಷ್ಟ್ರೀಯವಾಗಿಯೂ ಆಚರಿಸತೊಡಗಿದರು. ಸಭೆಗಳಲ್ಲಿ ದೀಪ ಬೆಳಗುವ ನಮ್ಮ ಮಹನೀಯರು ಇದನ್ನು ಎರಡು ವಾಕ್ಯಗಳಲ್ಲಿ ಹೇಳಿದರೂ ಆ ದಿನ ಸಾರ್ಥಕವಾದೀತು.

ಇದು ಹಳೆಯ ಕಥೆಯಾಯಿತು ಎನ್ನುವವರು ಅಮೆರಿಕೆಯ ಕಡೆಗೆ ನೋಡಬಹುದು. ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1960ರ ದಶಕದ ಕೊನೆಗೆ ಇಂಜಿನಿಯರಿಂಗ್ ತರಗತಿಗೆ ಸೇರಿದ ಕಪ್ಪು ಜನಾಂಗದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಂಬತ್ತು ಮಂದಿ ನಡುವೆಯೇ ಓದು ಬಿಟ್ಟುಹೋಗುತ್ತಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ಬಂದವರು ನಿಲ್ಲಲಾರದೆ ಹೋದರು. 1971ರಲ್ಲಿ ಎಡ್ವರ್ಡ್ ಬಾರ್ನೆಟ್, ಫ್ರೆಡ್ ಕೂಪರ್ ಎಂಬ ಇಬ್ಬರು ವಿದ್ಯಾರ್ಥಿಗಳು ತಮ್ಮ ಮುಖ್ಯಾಧಿಕಾರಿಯ ಬಳಿಗೆ ಹೋಗಿ, ತಮ್ಮವರನ್ನು ಬರಮಾಡಿಕೊಳ್ಳುವುದಕ್ಕೂ ಬಂದವರನ್ನು ಉಳಿಸಿಕೊಳ್ಳುವುದಕ್ಕೂ ಒಂದು ಸಂಘವನ್ನು ಸ್ಥಾಪಿಸುವೆವೆಂದು ಹೇಳಿದರು. ಅಧಿಕಾರಿಯು ಒಪ್ಪಿ, ಅಲ್ಲಿದ್ದ ಏಕಮಾತ್ರ ಕಪ್ಪು ಅಧ್ಯಾಪಕರಾದ ಆರ್ಥರ್ ಬಾಂಡ್‌ರನ್ನು ಸಲಹೆಗಾರರನ್ನಾಗಿ ಕೊಟ್ಟರು. ಕೆಲವು ವರ್ಷಗಳಲ್ಲಿ ಅದೇ ಕಾಲೇಜಿನ ಆರು ಮಂದಿ ಹುಡುಗರು ದೇಶದ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳಿಗೂ ಪತ್ರ ಬರೆಯಿಸಿದರು. 1975ರ ಏಪ್ರಿಲ್‌ನಲ್ಲಿ 32 ಕಾಲೇಜುಗಳಿಂದ 48 ವಿದ್ಯಾರ್ಥಿಗಳು ಪರ್ಡ್ಯೂವಿನಲ್ಲಿ ಸೇರಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಇಂದು ಅದು ಸಾವಿರಾರು ಸದಸ್ಯರುಳ್ಳ ದೊಡ್ಡ ಸಂಸ್ಥೆ. ಅದರ ಆಡಳಿತದ ಹೊಣೆಯನ್ನು ಇಂದಿಗೂ ವಿದ್ಯಾರ್ಥಿಗಳೇ ಹೊರುತ್ತಾರೆಂಬುದು ವಿಶೇಷವಾಗಿ ಗಮನಿಸತಕ್ಕ ಸಂಗತಿ.

ಅದೇ ಅಮೆರಿಕೆಯಲ್ಲಿ ಸರ್ಕಾರದ ಗಾಳಿ ಈಚೆಗೆ ಬೇರೆ ದಿಕ್ಕಿಗೆ ತಿರುಗಿದೆ. ಕಾಲೇಜುಗಳಲ್ಲಿ ಪ್ರವೇಶ ಕೊಡುವಾಗ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವುದು ಸಲ್ಲದೆಂದು ಅಲ್ಲಿಯ ಸುಪ್ರೀಂ ಕೋರ್ಟು 2023ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಸರ್ಕಾರಿ ಕಂಟ್ರಾಕ್ಟುದಾರರು ಉದ್ಯೋಗದಲ್ಲಿ ಸಮಾನಾವಕಾಶಕ್ಕಾಗಿ ಕ್ರಮ ಕೈಕೊಳ್ಳಬೇಕೆಂದು ಅಧ್ಯಕ್ಷ ಜಾನ್ಸನ್‌ರು 1965ರಲ್ಲಿ ಹೊರಡಿಸಿದ್ದ ಆಜ್ಞೆಯನ್ನು ಅಧ್ಯಕ್ಷ ಟ್ರಂಪ್‌ರು 2025ರ ಜನವರಿಯಲ್ಲಿ ಒಂದು ಸಹಿಯಿಂದ ರದ್ದುಗೊಳಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ತೀರ್ಪಿನ ಮತ್ತು ಆಜ್ಞೆಯ ಗುಣದೋಷಗಳನ್ನು ವಿಮರ್ಶಿಸುವ ಭಾರ ಅಮೆರಿಕೆಯ ಪ್ರಜೆಗಳದು. ನಾವು ಗಮನಿಸಬೇಕಾದುದು ಇಷ್ಟೆ: ಸರ್ಕಾರವು ಒಂದು ಕಾಗದದಿಂದ ಕೊಟ್ಟದ್ದನ್ನು ಇನ್ನೊಂದು ಕಾಗದದಿಂದ ಹಿಂದೆಗೆದುಕೊಳ್ಳಬಲ್ಲುದು. ಇಂಗ್ಲೆಂಡಿನ ಸ್ತ್ರೀಯರು 1919ರಲ್ಲಿ ಕಂಡದ್ದನ್ನು ಅಮೆರಿಕೆಯವರು 2025ರಲ್ಲಿ ಕಂಡರು. ಜನರು ತಾವಾಗಿ ಸೇರಿ, ತಮ್ಮ ಸಮಯವನ್ನೂ ಹಣವನ್ನೂ ವೆಚ್ಚಮಾಡಿ ಕಟ್ಟಿಕೊಂಡ ಸಂಸ್ಥೆಯನ್ನು ಮಾತ್ರ ಅಷ್ಟು ಸುಲಭವಾಗಿ ಅಳಿಸಲಾಗದು. ಕಾನೂನು ಬಾಗಿಲನ್ನು ತೆರೆಯುತ್ತದೆ. ಅದನ್ನು ತೆರೆದಿಡುವವರು ಸ್ವಯಂಸೇವಕರು. ಇದೇ ನಮ್ಮ ಮುಖ್ಯ ವಾದ.

ನಮ್ಮ ದೇಶದ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಮದರಾಸಿನ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎ. ಲಲಿತಾ ಅವರ ಚರಿತ್ರೆಯನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಸೇರಿಸುವುದು ಯುಕ್ತ. 1919ರಲ್ಲಿ ತೆಲುಗು ಮನೆತನವೊಂದರಲ್ಲಿ ಹುಟ್ಟಿದ ಅವರಿಗೆ ಹದಿನೈದನೆಯ ವಯಸ್ಸಿನಲ್ಲಿ ವಿವಾಹವಾಯಿತು. 1937ರಲ್ಲಿ ಮಗಳು ಹುಟ್ಟಿದ ಕೆಲವೇ ತಿಂಗಳಲ್ಲಿ ಪತಿವಿಯೋಗವಾಯಿತು. ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ವಿಧವೆಗೆ ಆ ಕಾಲದ ಸಮಾಜವು ತೋರಿಸುತ್ತಿದ್ದ ಮಾರ್ಗ ಯಾವುದೆಂದು ನಾವು ವಿವರಿಸಬೇಕಾಗಿಲ್ಲ. ಅವರ ತಂದೆ ಪಪ್ಪು ಸುಬ್ಬರಾಯರು ಅದೇ ಕಾಲೇಜಿನಲ್ಲಿ ವಿದ್ಯುಚ್ಛಾಸ್ತ್ರದ ಅಧ್ಯಾಪಕರು. ಅವರು ಪ್ರಿನ್ಸಿಪಾಲರಾದ ಚಾಕೋ ಅವರನ್ನೂ ವಿದ್ಯಾ ಇಲಾಖೆಯ ಡೈರೆಕ್ಟರನ್ನೂ ಕಂಡು ಒಪ್ಪಿಸಿ ಮಗಳನ್ನು ತರಗತಿಗೆ ಸೇರಿಸಿದರು. ನೂರಾರು ಹುಡುಗರ ನಡುವೆ ಆಕೆ ಒಬ್ಬಂಟಿ. ಆಗ ಸುಬ್ಬರಾಯರು ಮಾಡಿದುದೇನು? ಈ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವುಂಟೆಂದು ಪತ್ರಿಕೆಗಳಲ್ಲಿ ಪ್ರಕಟಿಸಿದರು. ಲೀಲಮ್ಮ ಜಾರ್ಜ್, ಪಿ. ಕೆ. ತ್ರೇಸ್ಯಾ ಎಂಬ ಇಬ್ಬರು ಬಂದು ಸೇರಿದರು. ಒಬ್ಬಳು ಮೂವರಾದಳು. ತ್ರೇಸ್ಯಾ ಅವರು ಮುಂದೆ 1971ರಲ್ಲಿ ಕೇರಳ ರಾಜ್ಯದ ಚೀಫ್ ಇಂಜಿನಿಯರ್ ಪದವಿಗೇರಿದರು. ಲಲಿತಾ ಅವರ ಪದವಿ ಪತ್ರದಲ್ಲಿ ಅಚ್ಚಾಗಿದ್ದ ಪುರುಷವಾಚಕವನ್ನು ಹೊಡೆದುಹಾಕಿ ಸ್ತ್ರೀವಾಚಕವನ್ನು ಕೈಯಿಂದ ಬರೆಯಬೇಕಾಯಿತು. ಸರ್ಕಾರಿ ನಮೂನೆಗಳು ಮನುಷ್ಯರಿಗಿಂತ ತಡವಾಗಿ ಬದಲಾಗುತ್ತವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಲಲಿತಾ ಅವರು ಸಿಮ್ಲೆಯಲ್ಲಿಯೂ ಕಲ್ಕತ್ತೆಯಲ್ಲಿಯೂ ಉದ್ಯೋಗ ಮಾಡಿ, ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕಾರ್ಯದಲ್ಲಿಯೂ ಪಾತ್ರ ವಹಿಸಿದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಪ್ರಥಮ ಅಂತರರಾಷ್ಟ್ರೀಯ ಸ್ತ್ರೀ ಇಂಜಿನಿಯರುಗಳ ಮತ್ತು ವಿಜ್ಞಾನಿಗಳ ಸಮ್ಮೇಳನಕ್ಕೆ ಹೋಗಿಬಂದರು. ಬಳಿಕ ಅವರು ಸುಮ್ಮನೆ ಕೂಡಲಿಲ್ಲ. 1965ರಲ್ಲಿ ಲಂಡನ್ನಿನ ಆ ಹಳೆಯ ಸಂಘದ ಸದಸ್ಯತ್ವವನ್ನು ಪಡೆದು, 1967ರಲ್ಲಿ ಕೇಂಬ್ರಿಜ್ಜಿನಲ್ಲಿ ನಡೆದ ಎರಡನೆಯ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಯಾಗಿ ಕೆಲಸ ಮಾಡಿದರು. ಹೊಟ್ಟೆಪಾಡಿನ ಉದ್ಯೋಗದ ಹೊರಗೆ, ಸಂಬಳವಿಲ್ಲದೆ, ತಮ್ಮ ಹಿಂದೆ ಬರುವವರಿಗಾಗಿ ಮಾಡಿದ ಕೆಲಸವಿದು. ನಮ್ಮ ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರ ಜೀವನವೂ ಇದೇ ಮಾರ್ಗದ್ದು. ಕರ್ನಾಟಕದ ಪ್ರಥಮ ಸ್ತ್ರೀ ಇಂಜಿನಿಯರೆಂದು ಎಣಿಸಲ್ಪಡುವ ಅವರು ಅಮೆರಿಕೆಯ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು ಪಡೆದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿ, ಮೈಕ್ರೋವೇವ್ ವಿದ್ಯೆಯನ್ನು ಬೋಧಿಸಿದರು. 1982ರಲ್ಲಿ ನಿವೃತ್ತರಾದ ಮೇಲೆ ಸ್ತ್ರೀಯರ ಅಭ್ಯುದಯದ ಕಾರ್ಯದಲ್ಲಿ ತೊಡಗಿ, ನಮ್ಮ ದೇಶದ ಸ್ತ್ರೀ ವಿಜ್ಞಾನಿಗಳ, ಇಂಜಿನಿಯರುಗಳ ಜೀವನ ವೃತ್ತಾಂತಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಸ್ತ್ರೀ ಪದವೀಧರರಲ್ಲೊಬ್ಬರು. ವಿಧವೆಯರ, ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಮೈಕ್ರೋವೇವ್ ಪ್ರಯೋಗಶಾಲೆಗೆ ಹತ್ತಿದ ಮೆಟ್ಟಿಲುಗಳನ್ನು ಅಜ್ಜಿಯ ತಲೆಮಾರಿನವರು ಸೇವೆಯಿಂದ ಕಟ್ಟಿದ್ದರು.

ಸ್ತ್ರೀಯರ ವಿಷಯದಲ್ಲಿ ಸತ್ಯವಾದುದು ಜಾತಿಯ ವಿಷಯದಲ್ಲಿಯೂ ಸತ್ಯ. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಒಂದೇ ವರ್ಗದವರ ಕೈಯಲ್ಲಿದ್ದ ಕಾಲದಲ್ಲಿ, 1917ರಲ್ಲಿ ಪ್ರಜಾಮಿತ್ರ ಮಂಡಲಿಯೆಂಬ ಸಂಘವು ಹುಟ್ಟಿತು. ಅದರ ನಿಯೋಗವು ಮಹಾರಾಜರಿಗೆ ಬಿನ್ನಹ ಮಾಡಿಕೊಂಡ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿಯು ನೇಮಕವಾಯಿತು. ಅಂದಿನ ದಿವಾನರು ಸ್ವತಃ ಇಂಜಿನಿಯರುಗಳ ಮುಕುಟಮಣಿಯಾದ ಸರ್ ಎಂ. ವಿಶ್ವೇಶ್ವರಯ್ಯನವರು. ಹುದ್ದೆಗಳನ್ನು ಮೀಸಲಿಟ್ಟರೆ ಕಾರ್ಯದಕ್ಷತೆಗೆ ಹಾನಿಯೆಂಬುದು ಅವರ ಭಯ. ಆ ವರ್ಷ ಅವರು ದಿವಾನಗಿರಿಯನ್ನು ಬಿಟ್ಟ ಕಾರಣಗಳಲ್ಲಿ ಇದೂ ಒಂದೆಂದು ಚರಿತ್ರಕಾರರು ಹೇಳುತ್ತಾರೆ. ಆ ಮಹಾಪುರುಷರಲ್ಲಿ ನಮಗಿರುವ ಗೌರವಕ್ಕೆ ಕೊರತೆಯಿಲ್ಲ. ಆದರೆ ಈ ಒಂದು ವಿಷಯದಲ್ಲಿ ಕಾಲವು ಅವರ ಭಯವನ್ನು ಸಮರ್ಥಿಸಲಿಲ್ಲ ಎಂದು ವಿನಯದಿಂದ ಹೇಳಬೇಕಾಗಿದೆ. ನಾಲ್ಕು ಕುಲಗಳಿಂದ ಆರಿಸಿದ ದಕ್ಷನಿಗಿಂತ ನಲವತ್ತು ಕುಲಗಳಿಂದ ಆರಿಸಿದ ದಕ್ಷನು ಹೆಚ್ಚಿನವನೇ ಆಗಬೇಕು, ಲೆಕ್ಕವೇ ಹಾಗಿದೆ. ಅವರೇ 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜಿನಿಂದ ಮುಂದೆ ಎಲ್ಲ ವರ್ಗಗಳ ಮಕ್ಕಳೂ ತೇರ್ಗಡೆಯಾಗಿ ಬಂದು ಅಣೆಕಟ್ಟುಗಳನ್ನೂ ರಸ್ತೆಗಳನ್ನೂ ಕಟ್ಟಿದರು. ಕಟ್ಟಿದವರ ಜಾತಿಯಿಂದ ಯಾವ ಅಣೆಕಟ್ಟೂ ಬಿರುಕು ಬಿಟ್ಟಿಲ್ಲ.

ಆ ಮಕ್ಕಳು ಕಾಲೇಜಿನವರೆಗೆ ಬಂದುದಾದರೂ ಹೇಗೆ? ಸರ್ಕಾರದ ಆಜ್ಞೆಯೊಂದರಿಂದಲೇ ಅಲ್ಲ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತ ವರ್ಗದವರಿಗಾಗಿ ತಮ್ಮ ಸೇವಾಸಂಸ್ಥೆಯನ್ನು ಆರಂಭಿಸಿದಾಗ ಅವರಿಗೆ ದೊರೆತುದು ಸ್ವಜಾತಿಯವರ ಬಹಿಷ್ಕಾರ. 1906ರಲ್ಲಿ ಒಕ್ಕಲಿಗರ ಸಂಘವು ಹುಟ್ಟಿತು. ವೀರಶೈವ ಮಠಗಳು ಊರೂರಿನಲ್ಲಿ ಉಚಿತ ಪ್ರಸಾದನಿಲಯಗಳನ್ನು ತೆರೆದವು. ಹಳ್ಳಿಯ ಹುಡುಗನೊಬ್ಬನು ಪಟ್ಟಣಕ್ಕೆ ಬಂದು ಓದಬೇಕಾದರೆ ಎರಡು ಹೊತ್ತಿನ ಮುದ್ದೆಯೂ ಮಲಗಲು ಒಂದು ಚಾಪೆಯೂ ಬೇಕೆಂಬುದನ್ನು ಬಲ್ಲವರು, ಊರಿನ ಮನೆಮನೆಯಿಂದ ರಾಗಿಯನ್ನು ಎತ್ತಿ ಅದನ್ನು ಒದಗಿಸಿದರು. ಮೀಸಲು ಸ್ಥಾನವು ಕಾಗದದ ಮೇಲೆ ಬಂದಿತು. ಆ ಸ್ಥಾನದಲ್ಲಿ ಕೂಡಬಲ್ಲ ವಿದ್ಯಾರ್ಥಿಯು ವಿದ್ಯಾರ್ಥಿನಿಲಯದ ಪಂಕ್ತಿಯಿಂದ ಬಂದನು. ಎರಡೂ ಬೇಕು, ಒಂದರಿಂದ ಇನ್ನೊಂದರ ಕೆಲಸ ಆಗದು.

ಈಗಿನ ಸ್ಥಿತಿಯನ್ನು ನೋಡೋಣ. ದೇಶದಲ್ಲಿ ಇಂಜಿನಿಯರಿಂಗ್ ಓದುವವರಲ್ಲಿ ಹುಡುಗಿಯರು ನೂರಕ್ಕೆ ಮೂವತ್ತರ ಸುಮಾರು ಇದ್ದಾರೆ. ಇಂಜಿನಿಯರಿಂಗ್ ಉದ್ಯೋಗದಲ್ಲಿ ಸ್ತ್ರೀಯರ ಪಾಲು ನೂರಕ್ಕೆ ಹದಿನಾರರ ಸುಮಾರಿನಲ್ಲಿ ನಿಂತಿರುವ ಬ್ರಿಟನ್ನಿನವರು ಈ ಅಂಕಿಯನ್ನು ಕೇಳಿದರೆ ಅಚ್ಚರಿಪಟ್ಟಾರು. ಐ.ಐ.ಟಿ.ಗಳಲ್ಲಿ ಹುಡುಗಿಯರ ಪಾಲು ನೂರಕ್ಕೆ ಹತ್ತಕ್ಕೂ ಕಡಿಮೆಯಿದ್ದುದರಿಂದ 2018ರಲ್ಲಿ ಅವರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ನಿರ್ಮಿಸಿದರು. 2020ರ ಹೊತ್ತಿಗೆ ಪಾಲು ಇಪ್ಪತ್ತಕ್ಕೆ ಏರಿತು. ಗಂಡುಮಕ್ಕಳ ಒಂದು ಸ್ಥಾನವನ್ನೂ ಕಿತ್ತುಕೊಳ್ಳದೆ ಈ ಕಾರ್ಯವಾಯಿತೆಂಬುದನ್ನು ಆಕ್ಷೇಪಿಸುವವರು ನೆನಪಿಡಬೇಕು. ಗಣಿಯ ಒಳಗೆ ಸ್ತ್ರೀಯರು ಇಳಿಯಕೂಡದೆಂದು 1952ರ ಗಣಿ ಕಾನೂನಿನಲ್ಲಿದ್ದ ನಿಷೇಧವನ್ನು 2019ರಲ್ಲಿ ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲಿನಲ್ಲಿ ಅವಕಾಶ ಕೊಟ್ಟರು. ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ಆದರೆ ಕಾಲೇಜಿನ ಪದವಿದಾನ ಸಮಾರಂಭದಲ್ಲಿ ಕಾಣುವ ಹೆಣ್ಣುಮಕ್ಕಳೆಲ್ಲರೂ ಹತ್ತು ವರ್ಷಗಳ ಬಳಿಕ ಎಲ್ಲಿರುತ್ತಾರೆ? ಕಟ್ಟಡದ ನಿವೇಶನದಲ್ಲಿ, ಸಬ್‌ಸ್ಟೇಷನ್ನಿನಲ್ಲಿ, ಕಾಲುವೆಯ ಮೇಲ್ವಿಚಾರಣೆಯಲ್ಲಿ ಅವರನ್ನು ಹುಡುಕಿದರೆ ಬೆರಳೆಣಿಕೆಯಷ್ಟು ಮಂದಿ ಸಿಕ್ಕಾರು. ಮದುವೆ, ಹೆರಿಗೆ, ದೂರದೂರಿಗೆ ವರ್ಗಾವಣೆ, ನಿವೇಶನದಲ್ಲಿ ಒಂದು ಶೌಚಗೃಹವೂ ಇಲ್ಲದ ಸ್ಥಿತಿ, ಮೇಲಧಿಕಾರಿಯ ತಾತ್ಸಾರ ಇವೆಲ್ಲ ಸೇರಿ ನಡುದಾರಿಯಲ್ಲಿಯೇ ಅವರನ್ನು ಹಿಂದಕ್ಕೆ ಕಳುಹಿಸುತ್ತವೆ. ಪರ್ಡ್ಯೂವಿನ ಕಥೆಯೇ ಇಲ್ಲಿಯೂ: ಬರಮಾಡಿಕೊಂಡೆವು, ಉಳಿಸಿಕೊಳ್ಳಲಿಲ್ಲ.

ಇದರಿಂದ ನಷ್ಟ ಅವರಿಗೆ ಮಾತ್ರವೆಂದು ಭಾವಿಸುವವರಿಗೆ ಒಂದು ಸಣ್ಣ ಉದಾಹರಣೆಯನ್ನು ಕೊಡುತ್ತೇವೆ. ಎರಡನೆಯ ಮಹಾಯುದ್ಧದ ನಡುವೆ, ಮುಂದೆ ಕಟ್ಟಬೇಕಾದ ಮನೆಗಳಲ್ಲಿ ವಿದ್ಯುತ್ ವ್ಯವಸ್ಥೆ ಹೇಗಿರಬೇಕೆಂದು ನಿರ್ಧರಿಸಲು ಬ್ರಿಟನ್ನಿನಲ್ಲಿ ಇಪ್ಪತ್ತು ಮಂದಿಯ ಸಮಿತಿಯೊಂದನ್ನು ರಚಿಸಿದರು. ಅದರಲ್ಲಿದ್ದ ಏಕಮಾತ್ರ ಸ್ತ್ರೀ ನಾವು ಮೇಲೆ ಹೇಳಿದ ಹ್ಯಾಸ್ಲೆಟ್. ಗೃಹಿಣಿಯರ ನಡುವೆ ವರ್ಷಾನುಗಟ್ಟಲೆ ಕೆಲಸಮಾಡಿದ್ದ ಆಕೆ ಮನೆಯೊಳಗಿನ ಅಪಾಯಗಳನ್ನು ಬಲ್ಲವರು. 1947ರಲ್ಲಿ ಆ ದೇಶಕ್ಕೆ ಗೊತ್ತಾದ ಸಾಕೆಟ್ಟಿನಲ್ಲಿ ವಿದ್ಯುತ್ ಹರಿಯುವ ರಂಧ್ರಗಳಿಗೆ ಒಳಗಿನಿಂದ ಮುಚ್ಚಳವುಂಟು. ಪ್ಲಗ್ಗಿನ ಉದ್ದನೆಯ ಭೂಸಂಪರ್ಕದ ಕಡ್ಡಿಯು ಒಳಹೊಕ್ಕಾಗ ಮಾತ್ರ ಆ ಮುಚ್ಚಳವು ಸರಿಯುತ್ತದೆ. ನೆಲದಲ್ಲಿ ಅಂಬೆಗಾಲಿಕ್ಕುವ ಮಗು ಬೆರಳಿಟ್ಟರೂ ಅಪಾಯವಿಲ್ಲ. ಮಗುವು ನೆಲದ ಮೇಲೆ ಎಲ್ಲೆಲ್ಲಿ ಕೈಯಿಡುತ್ತದೆಂಬುದು ಮಗುವಿನ ಹಿಂದೆ ಓಡಿದವರಿಗೆ ತಿಳಿದಿರುತ್ತದೆ. ಬಾವಿಯಿಂದ ನೀರು ಹೊತ್ತವಳು ನಲ್ಲಿಯನ್ನು ಎಲ್ಲಿ ಇಡಬೇಕೆಂದು ಬಲ್ಲಳು. ಊರಿನ ಚರಂಡಿಯನ್ನು ತಲೆತಲಾಂತರದಿಂದ ಬಳಿದವರ ಮಗನು ಚರಂಡಿಯ ನಕ್ಷೆಯಲ್ಲಿ ಇತರರಿಗೆ ಕಾಣದ ತಪ್ಪನ್ನು ಕಾಣಬಲ್ಲನು. ಹೀಗಿರುವಾಗ, ಎಲ್ಲ ವರ್ಗದವರಿಗೂ ವೃತ್ತಿಯಲ್ಲಿ ಎಡೆಗೊಡುವುದು ಧರ್ಮಛತ್ರದ ಊಟವಲ್ಲ. ವೃತ್ತಿಯ ಕಣ್ಣಿನ ಪೊರೆಯನ್ನು ತೆಗೆಯುವ ಚಿಕಿತ್ಸೆ.

ಸ್ವಯಂಸೇವೆಯೆಂದೊಡನೆ ನಮ್ಮಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಆರಂಭಶೂರತ್ವವು ನಮ್ಮ ಜನ್ಮಗುಣ. ಹೊಸ ಸಂಘ ಸ್ಥಾಪನೆಯಾಗುತ್ತದೆ, ಮೊಹರು ತಯಾರಾಗುತ್ತದೆ, ಅಧ್ಯಕ್ಷರ ಭಾವಚಿತ್ರವು ಗೋಡೆಯೇರುತ್ತದೆ. ಮೂರನೆಯ ವರ್ಷ ಮಹಜರು ಪುಸ್ತಕವೆಲ್ಲಿದೆಯೆಂದು ಯಾರಿಗೂ ತಿಳಿಯದು. ಆದುದರಿಂದ ಮೇಲಿನ ದೃಷ್ಟಾಂತಗಳಿಂದ ನಾಲ್ಕು ನಿಯಮಗಳನ್ನು ನಾವು ಆರಿಸಿಕೊಳ್ಳಬೇಕು. ಮೊದಲನೆಯದು, ಒಬ್ಬಂಟಿಗಳಿಗೆ ಜೊತೆ ಒದಗಿಸುವುದು. ಗಿಂಡಿಯಲ್ಲಿ ಇಬ್ಬರು ಗೆಳತಿಯರು ಬಂದುದೇ ದೊಡ್ಡ ಕಾರ್ಯವಾಯಿತು. ಎರಡನೆಯದು, ನಾಯಕತ್ವವನ್ನು ಕೈಬದಲಾಯಿಸುವುದು. ಪ್ರತಿವರ್ಷ ವಿದ್ಯಾರ್ಥಿಗಳು ತೇರ್ಗಡೆಯಾಗಿ ಹೊರಟುಹೋಗುವ ಸಂಘವು ಅರ್ಧ ಶತಮಾನ ಬಾಳಿರುವಾಗ, ಮೂವತ್ತು ವರ್ಷ ಒಬ್ಬರೇ ಅಧ್ಯಕ್ಷರಾಗಿರುವ ಸಂಘವು ಅವರ ಜೊತೆಯಲ್ಲಿಯೇ ಮುಗಿದುಹೋಗುವುದನ್ನು ನಾವು ಪ್ರತಿ ಊರಿನಲ್ಲಿಯೂ ಕಾಣುತ್ತೇವೆ. ತನ್ನ ನಂತರದವರನ್ನು ತಯಾರುಮಾಡದ ನಾಯಕನು ನಾಯಕನಲ್ಲ, ಕುರ್ಚಿಯ ಬಾಡಿಗೆದಾರ.

ಮೂರನೆಯದು, ಲೆಕ್ಕಪತ್ರ ಮತ್ತು ಕಚೇರಿ. ಲಂಡನ್ನಿನ ಏಳು ಮಂದಿ ಸಂಬಳ ತೆಗೆದುಕೊಳ್ಳದೆ ದುಡಿದರೂ ಕಾರ್ಯದರ್ಶಿಗೆ ಸಂಬಳ ಕೊಟ್ಟರು. ಸೇವೆಯು ಪವಿತ್ರವಾದುದೇ, ಆದರೆ ದಿನನಿತ್ಯದ ಪತ್ರವ್ಯವಹಾರವನ್ನು ಪವಿತ್ರಭಾವವೊಂದೇ ನಡೆಸಲಾರದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೊರಗಿಡಲ್ಪಟ್ಟವರ ಮೇಲೆಯೇ ಬಾಗಿಲನ್ನು ತೆರೆಯುವ ಕೂಲಿಯನ್ನೂ ಹೊರಿಸಕೂಡದು. ಈಗ ದೊಡ್ಡ ಕಂಪೆನಿಗಳಲ್ಲಿ ವೈವಿಧ್ಯದ ಸಮಿತಿಗಳೆಂದು ಸ್ಥಾಪಿಸಿ, ಅವುಗಳ ಕೆಲಸವನ್ನು ಅಲ್ಲಿರುವ ನಾಲ್ಕಾರು ಹೆಣ್ಣುಮಕ್ಕಳ ಹೆಗಲಿಗೇ ಹಾಕುವುದು ವಾಡಿಕೆಯಾಗಿದೆ. ಅವರು ತಮ್ಮ ಉದ್ಯೋಗದ ಹೊರೆಯನ್ನು ಮುಗಿಸಿ, ಸಂಜೆಯ ಹೊತ್ತು ಇದನ್ನೂ ಮಾಡಬೇಕು. ಬಡ್ತಿಯ ಕಾಲದಲ್ಲಿ ಇದು ಲೆಕ್ಕಕ್ಕೆ ಬಾರದು. ಅದೇ ಸಂಜೆ ಅವರ ಸಹೋದ್ಯೋಗಿಯು ತನ್ನ ಕೆಲಸವನ್ನು ಬೆಳೆಸಿಕೊಂಡು ಮುಂದೆ ಹೋಗುತ್ತಾನೆ. ಇದು ಸ್ವಯಂಸೇವೆಯಲ್ಲ, ಬಿಟ್ಟಿ. ಬಿಟ್ಟಿಯನ್ನು ಹಳ್ಳಿಯ ಪಟೇಲನು ಮಾಡಿಸಿದರೂ ಕಂಪೆನಿಯ ಮೇನೇಜರು ಮಾಡಿಸಿದರೂ ಅದು ಅನ್ಯಾಯವೇ. ಸುಬ್ಬರಾಯರೂ ಚಾಕೋ ಅವರೂ ಒಳಗಿದ್ದವರು; ಅಧಿಕಾರವುಳ್ಳವರು. ಅವರು ಒಳಗಿನಿಂದ ಅಗುಳಿ ತೆಗೆಯದಿದ್ದರೆ ಲಲಿತಾ ಅವರು ಹೊರಗಿನಿಂದ ಎಷ್ಟು ತಟ್ಟಿದರೂ ಫಲವೇನಿತ್ತು?

ಸೇವೆಯನ್ನೇ ಇಷ್ಟು ಕೊಂಡಾಡಿದರೆ ಸರ್ಕಾರವು ತನ್ನ ಹೊಣೆಯಿಂದ ನುಣುಚಿಕೊಳ್ಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯು ನ್ಯಾಯವಾದುದು. ಶೌಚಗೃಹವನ್ನು ಕಟ್ಟಿಸುವುದು ಸ್ವಯಂಸೇವಕರ ಕೆಲಸವಲ್ಲ; ಹೆರಿಗೆಯ ರಜೆಯಿಂದ ಹಿಂದಿರುಗಿದವಳಿಗೆ ಅದೇ ದರ್ಜೆಯ ಕೆಲಸವನ್ನು ಕೊಡುವುದು ಸ್ವಯಂಸೇವಕರ ಕೈಯಲ್ಲಿಲ್ಲ; ಕಿರುಕುಳದ ದೂರನ್ನು ವಿಚಾರಿಸುವ ಸಮಿತಿಯನ್ನು 2013ರ ಕಾನೂನಿನ ಪ್ರಕಾರ ನೇಮಿಸುವುದು ಉದ್ಯೋಗದಾತನ ಕರ್ತವ್ಯ. ಇವುಗಳನ್ನು ಸಂಘಗಳ ಮೇಲೆ ತಳ್ಳಿದರೆ ಮೋಸವೆನ್ನಬೇಕು. ಆದರೆ ಕಾನೂನು ಜಾರಿಯಲ್ಲಿದೆಯೇ ಎಂದು ನೋಡುವ ಕಣ್ಣು, ಇಲ್ಲವಾದರೆ ಕೇಳುವ ಬಾಯಿ, ಕೇಳಿದವಳ ಹಿಂದೆ ನಿಲ್ಲುವ ಹತ್ತು ಜನ ಇವನ್ನು ಸರ್ಕಾರವು ಒದಗಿಸಲಾರದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ.

ನಮ್ಮ ಊರುಗಳಲ್ಲಿ ಮಾಡಬಹುದಾದ ಕೆಲಸವು ದೊಡ್ಡದಲ್ಲ. 1920ರಲ್ಲಿ ಹುಟ್ಟಿದ ಇಂಜಿನಿಯರುಗಳ ರಾಷ್ಟ್ರೀಯ ಸಂಸ್ಥೆಗೆ ನಮ್ಮ ನಾಡಿನಲ್ಲಿಯೂ ಕೇಂದ್ರಗಳಿವೆ. ಪ್ರತಿ ಜಿಲ್ಲೆಯಲ್ಲಿಯೂ ಲೋಕೋಪಯೋಗಿ, ನೀರಾವರಿ, ವಿದ್ಯುತ್ ಇಲಾಖೆಗಳ ಅನುಭವಶಾಲಿಗಳಾದ ಅಧಿಕಾರಿಗಳಿದ್ದಾರೆ. ನಿವೃತ್ತರಾಗಿ ಬೆಳಗಿನ ತಿರುಗಾಟದಲ್ಲಿ ಕಾಲಕಳೆಯುವ ಚೀಫ್ ಇಂಜಿನಿಯರುಗಳೂ ಇದ್ದಾರೆ. ತಿಂಗಳಿಗೊಂದು ಶನಿವಾರವನ್ನು ಇವರು ಮೀಸಲಿಟ್ಟು, ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನ ಕನ್ನಡ ಮಾಧ್ಯಮದ ಹತ್ತು ಮಂದಿ ಹುಡುಗ ಹುಡುಗಿಯರನ್ನು ಒಂದು ಅಣೆಕಟ್ಟಿಗೋ ಪಂಪುಮನೆಗೋ ಕರೆದೊಯ್ದು ತೋರಿಸಲಿ. ಕಾಲೇಜಿಗೆ ಸೇರಿದ ಹಳ್ಳಿಯ ವಿದ್ಯಾರ್ಥಿಗೆ ಮೊದಲ ವರ್ಷದ ಗಣಿತವನ್ನೂ ಇಂಗ್ಲಿಷ್ ಪಠ್ಯವನ್ನೂ ಅರ್ಥಮಾಡಿಸುವ ಹಿರಿಯ ವಿದ್ಯಾರ್ಥಿಯೊಬ್ಬನನ್ನು ಗೊತ್ತುಮಾಡಲಿ. ಓದು ಬಿಡುವವರಲ್ಲಿ ಬಹುಮಂದಿ ಬಿಡ್ಡು ಬೀಳುವುದು ಆ ಮೊದಲ ವರ್ಷದಲ್ಲಿಯೇ. ಮನೆ ಮಕ್ಕಳೆಂದು ಐದಾರು ವರ್ಷ ಕೆಲಸ ಬಿಟ್ಟಿರುವ ಸ್ತ್ರೀ ಇಂಜಿನಿಯರುಗಳ ಪಟ್ಟಿಯೊಂದನ್ನು ಪ್ರತಿ ಪಟ್ಟಣದಲ್ಲಿಯೂ ಮಾಡಿ, ಅವರು ಹಿಂದಿರುಗಲು ಏನು ಬೇಕೆಂದು ಅವರನ್ನೇ ಕೇಳಲಿ. ವರ್ಷದ ಕೊನೆಗೆ ಎಷ್ಟು ಮಂದಿ ಬಂದರು, ಎಷ್ಟು ಮಂದಿ ಉಳಿದರು ಎಂಬ ಲೆಕ್ಕವನ್ನು ಪ್ರಕಟಿಸಲಿ. ಬಂದವರ ಲೆಕ್ಕ ಮಾತ್ರ ಕೊಟ್ಟು ಉಳಿದವರ ಲೆಕ್ಕವನ್ನು ಮರೆಮಾಡುವ ವರದಿಯನ್ನು ಯಾರೂ ಒಪ್ಪಕೂಡದು.

ವೃತ್ತಿಯೊಳಗಿರುವ ಮಹನೀಯರಿಗೆ ನಮ್ಮ ಕೊನೆಯ ಮಾತು. ನೀವು ಕಟ್ಟುವ ಸೇತುವೆಯ ಮೇಲೆ ದೇಶದ ಎಲ್ಲ ಜನರೂ ನಡೆಯುತ್ತಾರೆ. ನೀವು ಹರಿಸುವ ನೀರನ್ನು ಎಲ್ಲ ಜಾತಿಯವರೂ ಕುಡಿಯುತ್ತಾರೆ. ನೀವು ಎಳೆಯುವ ತಂತಿಯಿಂದ ಎಲ್ಲರ ಮನೆಯ ದೀಪವೂ ಉರಿಯುತ್ತದೆ. ಎಲ್ಲರಿಗಾಗಿ ಇರುವ ವಿದ್ಯೆಯು ಕೆಲವರ ಮನೆತನದ ಸ್ವತ್ತಾಗಿ ಉಳಿಯುವುದು ನ್ಯಾಯವೇ, ಕ್ಷೇಮವೇ? ಮುಂದಿನ ಜೂನ್ 23ರಂದು ಹೂಮಾಲೆಯ ಖರ್ಚನ್ನು ಉಳಿಸಿ, ನಿಮ್ಮ ಕಚೇರಿಯಲ್ಲಿ ಒಬ್ಬಂಟಿಯಾಗಿ ಕುಳಿತಿರುವ ಕಿರಿಯ ಇಂಜಿನಿಯರಳನ್ನು ಕರೆದು, ಏನಮ್ಮಾ, ನಿನ್ನ ಕೆಲಸಕ್ಕೆ ಇಲ್ಲಿ ಅಡ್ಡಿ ಯಾವುದು ಎಂದು ಕೇಳಿರಿ. ಆಕೆ ಹೇಳುವ ಉತ್ತರವನ್ನು ಬರೆದುಕೊಳ್ಳಿರಿ. ಮರುವರ್ಷ ಅದೇ ದಿನ ಆ ಕಾಗದವನ್ನು ತೆಗೆದು ನೋಡಿರಿ. ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದು ಫಲಕದಿಂದಲ್ಲ, ಆ ಕಾಗದದಿಂದ ತಿಳಿಯುತ್ತದೆ.